ಈಜುಕೊಳದ ನೀರು: ಮೂಗನ್ನು ನಂಬಬೇಡಿ

ಈಜುಕೊಳದ ಬಳಿ ಕ್ಲೋರಿನ್ ವಾಸನೆ ಮೂಗಿಗೆ ಬಡಿದರೆ ನೀರು ಶುದ್ಧವಾಗಿದೆ ಎಂದು ಸಮಾಧಾನಪಡುವವರೇ ಹೆಚ್ಚು. ಆದರೆ ಸಂಗತಿ ಬೇರೆಯೇ. ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣುರಿ, ಕೆಮ್ಮಿಗೂ ಅದು ಕಾರಣ. ರೋಗಾಣುಗಳನ್ನು ಕೊಲ್ಲುವ ಕ್ಲೋರಿನ್ ಅಲ್ಲಿ ಸಾಕಷ್ಟು ಇಲ್ಲದಿರಬಹುದು.

ನಿಮ್ಮ ಮನೆಯಲ್ಲೋ ವಸತಿ ಸಮುಚ್ಚಯದಲ್ಲೋ ಕೊಳವಿದ್ದರೆ ಪರೀಕ್ಷಾ ಪಟ್ಟಿಗಳನ್ನು ತಂದು ನೀವೇ ಪರೀಕ್ಷಿಸಬಹುದು. ನೀರು ಒಳಬರುವ ಕೊಳವೆಯಿಂದ ದೂರದಲ್ಲಿ, ಮೊಳಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಪಟ್ಟಿಯನ್ನು ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳೊಡನೆ ಹೋಲಿಸಿ ನೋಡಿ. ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ (ಸಯನೂರಿಕ್ ಆಮ್ಲ ಬಳಸುವ ಕೊಳದಲ್ಲಿ 2), ಪಿಎಚ್ 7.2ರಿಂದ 7.8 ಇರಬೇಕು. ಪಿಎಚ್ ಏರಿದರೆ ಕ್ಲೋರಿನ್ ಇದ್ದೂ ಅದರ ಶಕ್ತಿ ಕುಂದುತ್ತದೆ. ಬಿಸಿಲಿಗೂ ಕ್ಲೋರಿನ್ ಕರಗುತ್ತದೆ. ಬೆಳಗಿನ ಪರೀಕ್ಷೆಯನ್ನು ಸಂಜೆಗೆ ನೆಚ್ಚಬೇಡಿ. ಕಡಿಮೆಯಿದ್ದರೆ, ಸರಿಪಡಿಸುವವರೆಗೆ ಯಾರೂ ನೀರಿಗಿಳಿಯುವುದು ಬೇಡ.

ಇನ್ನೊಂದು ಎಚ್ಚರಿಕೆ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಬೆರೆಸಿದ ನೀರಿನಲ್ಲೂ ಒಂದು ವಾರಕ್ಕೂ ಮಿಕ್ಕಿ ಬದುಕಬಲ್ಲದು. ಪಟ್ಟಿಯ ಬಣ್ಣ ಅದನ್ನು ತೋರಿಸದು. ಭೇದಿಯಾಗುತ್ತಿರುವ ಮಗುವನ್ನು ಎಷ್ಟೇ ಹಟ ಮಾಡಿದರೂ ಕೊಳಕ್ಕೆ ಇಳಿಸಬೇಡಿ.