ಹೃದ್ರೋಗಿಗೂ ಜೀವವಿಮೆ ಸಿಗುತ್ತದೆಯೆ?

ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಬರುವ ನೆಂಟರಿಷ್ಟರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಉಪ್ಪು ಬಿಡಬೇಕೆ? ಮೆಟ್ಟಿಲು ಹತ್ತಬಹುದೆ? ಮಾತ್ರೆ ಎಷ್ಟು ದಿನ? ಆದರೆ ಮನೆಯೊಡತಿಯ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಇರುತ್ತದೆ. ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ‘ಇವರಿಗೇನಾದರೂ ಆದರೆ ಮನೆ ಸಾಲ, ಮಕ್ಕಳ ಓದು ಏನು ಗತಿ? ಈಗ ವಿಮೆ ಮಾಡಿಸಿದರೆ ಕೊಡುತ್ತಾರೆಯೆ?’

‘ಹೃದಯದ ಕಾಯಿಲೆ ಬಂತೆಂದರೆ ವಿಮೆಯ ಬಾಗಿಲು ಮುಚ್ಚಿತು’ ಎಂದು ನಂಬಿದವರು ಬಹಳ. ‘ಕಾಯಿಲೆಯ ವಿಷಯ ಬರೆಯದಿದ್ದರಾಯಿತು, ಯಾರಿಗೆ ಗೊತ್ತಾಗುತ್ತದೆ’ ಎನ್ನುವವರೂ ಕಡಿಮೆಯಿಲ್ಲ. ಎರಡೂ ತಪ್ಪು. ಮೊದಲನೆಯ ನಂಬಿಕೆಯಿಂದ ಸಿಗಬಹುದಾಗಿದ್ದ ರಕ್ಷಣೆ ತಪ್ಪಿಹೋಗುತ್ತದೆ. ಎರಡನೆಯದರಿಂದ ಕಟ್ಟಿದ ಹಣವೂ ಹೋಗಿ, ದುಃಖದಲ್ಲಿರುವ ಕುಟುಂಬ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ವಿಮಾ ಸಂಸ್ಥೆ ನೋಡುವುದೇನು?

ಜೀವವಿಮೆಯೆಂದರೆ ಸಾವಿರಾರು ಜನ ಸೇರಿ ಹಾಕುವ ಒಂದು ದೊಡ್ಡ ಹುಂಡಿ. ಯಾರು ಯಾವಾಗ ಸಾಯುತ್ತಾರೆಂದು ಯಾರಿಗೂ ತಿಳಿಯದು. ಆದರೆ ಒಂದೇ ವಯಸ್ಸಿನ, ಒಂದೇ ಬಗೆಯ ಆರೋಗ್ಯವಿರುವ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಎಷ್ಟು ಮಂದಿ ಸಾಯಬಹುದೆಂಬುದನ್ನು ಲೆಕ್ಕ ಹಾಕಬಹುದು. ಕಂತು ನಿಗದಿಯಾಗುವುದು ಆ ಲೆಕ್ಕದ ಮೇಲೆ. ಅಪಾಯ ಹೆಚ್ಚಿರುವವರು ಹುಂಡಿಗೆ ಹೆಚ್ಚು ಹಾಕಬೇಕು ಎಂಬುದಷ್ಟೇ ಇದರ ನ್ಯಾಯ.

ರಕ್ತದೊತ್ತಡ ಅಳೆಯುವ ಪದ್ಧತಿ ಅಷ್ಟು ವ್ಯಾಪಕವಾಗಲು ವಿಮಾ ಸಂಸ್ಥೆಗಳೂ ಒಂದು ಕಾರಣ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ವಿಮಾ ಕಂಪೆನಿಗಳು ಅರ್ಜಿದಾರರ ರಕ್ತದೊತ್ತಡ ಅಳೆದು ಬರೆದಿಡತೊಡಗಿದವು. ಒತ್ತಡ ಹೆಚ್ಚಿದ್ದವರ ಆಯಸ್ಸು ಕಡಿಮೆಯೆಂಬುದು ಆ ಕಡತಗಳಿಂದ ಸ್ಪಷ್ಟವಾಯಿತು.

ಹೃದ್ರೋಗವೆಲ್ಲ ಒಂದೇ ಅಲ್ಲ

‘ಹಾರ್ಟ್ ಪೇಷೆಂಟ್’ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬಗೆಯವರನ್ನು ಸೇರಿಸಿಬಿಡುತ್ತೇವೆ. ವಿಮಾ ಸಂಸ್ಥೆಯ ವೈದ್ಯರು ಹಾಗೆ ಮಾಡುವುದಿಲ್ಲ. ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ರಂಧ್ರವಿದ್ದು, ಬಾಲ್ಯದಲ್ಲೇ ಮುಚ್ಚಿಸಿಕೊಂಡು ಈಗ ಆರೋಗ್ಯವಾಗಿರುವ ಯುವಕನ ಸ್ಥಿತಿ ಬೇರೆ. ಬಾಲ್ಯದ ಸಂಧಿವಾತ ಜ್ವರದಿಂದ ಕವಾಟ ಕೆಟ್ಟಿರುವ ಮಹಿಳೆಯ ಸ್ಥಿತಿ ಬೇರೆ. ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೂರು ವರ್ಷ ಚೆನ್ನಾಗಿರುವವರು ಬೇರೆ. ಮೂರೂ ರಕ್ತನಾಳ ಕಟ್ಟಿ, ಜೊತೆಗೆ ಸಕ್ಕರೆ ಕಾಯಿಲೆಯೂ ಇರುವವರು ಬೇರೆ.

ಅವರು ಮುಖ್ಯವಾಗಿ ಗಮನಿಸುವ ಅಂಶಗಳು ಇವು:

ಕಾಯಿಲೆ ಬಂದ ವಯಸ್ಸು: 58ರಲ್ಲಿ ಬಂದ ಹೃದಯಾಘಾತಕ್ಕಿಂತ 36ರಲ್ಲಿ ಬಂದದ್ದನ್ನು ಹೆಚ್ಚು ಗಂಭೀರವಾಗಿ ನೋಡುತ್ತಾರೆ. ಎಳೆ ವಯಸ್ಸಿನಲ್ಲೇ ಬಂದ ರೋಗಕ್ಕೆ ಬೆಳೆಯಲು ಮುಂದೆ ಬಹಳ ವರ್ಷಗಳಿರುತ್ತವೆ.

ಕಳೆದ ಅವಧಿ: ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆಯಾದ ಕೂಡಲೇ ಅರ್ಜಿ ಹಾಕಿದರೆ ಸಾಮಾನ್ಯವಾಗಿ ‘ಈಗ ಬೇಡ, ಕೆಲವು ತಿಂಗಳು ಬಿಟ್ಟು ಬನ್ನಿ’ ಎಂಬ ಉತ್ತರ ಬರುತ್ತದೆ. ಮೊದಲ ಕೆಲವು ತಿಂಗಳಲ್ಲೇ ಅಪಾಯ ಹೆಚ್ಚು.

ಹೃದಯದ ಶಕ್ತಿ: ಎಕೊ ಪರೀಕ್ಷೆಯ ವರದಿಯಲ್ಲಿ ‘ಇ.ಎಫ್.’ ಎಂಬ ಅಂಕಿ ಇರುತ್ತದೆ. ಹೃದಯದ ಎಡ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಒಂದು ಬಡಿತಕ್ಕೆ ಹೊರದೂಡುತ್ತದೆ ಎಂಬುದು ಅದರ ಅರ್ಥ. ಸುಮಾರು 55ರಿಂದ 70 ಇದ್ದರೆ ಸಹಜ. 40 ಅಥವಾ ಅದಕ್ಕೂ ಕೆಳಗಿದ್ದರೆ ಹೃದಯ ದುರ್ಬಲವಾಗಿದೆ ಎಂದರ್ಥ. ವಿಮೆ ಸಿಗುವುದು ಆಗ ಬಹಳ ಕಷ್ಟ.

ಜೊತೆಗಿರುವ ತೊಂದರೆಗಳು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ದೋಷ, ಬೊಜ್ಜು, ಬೀಡಿ–ಸಿಗರೇಟು, ಹೊಗೆಸೊಪ್ಪು.

ನಾಲ್ಕು ಬಗೆಯ ಉತ್ತರ

ಅರ್ಜಿ, ಆಸ್ಪತ್ರೆಯ ಕಾಗದಗಳು, ಇಸಿಜಿ, ಟ್ರೆಡ್‌ಮಿಲ್ ಅಥವಾ ಎಕೊ, ರಕ್ತಪರೀಕ್ಷೆಗಳನ್ನು ನೋಡಿದ ಬಳಿಕ ಸಂಸ್ಥೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತದೆ: ಎಲ್ಲರಂತೆ ಸಾಮಾನ್ಯ ಕಂತಿಗೆ ವಿಮೆ, ಹೆಚ್ಚುವರಿ ಕಂತಿಗೆ ವಿಮೆ, ಸದ್ಯಕ್ಕೆ ಮುಂದೂಡಿಕೆ, ನಿರಾಕರಣೆ.

ಬಾಲ್ಯದಲ್ಲೇ ಸರಿಪಡಿಸಿದ ಸಣ್ಣ ರಂಧ್ರದಂಥ ದೋಷವಿದ್ದವರಿಗೆ ಮೊದಲನೆಯ ಉತ್ತರ ಬರುವುದುಂಟು. ಸ್ಟೆಂಟ್, ಬೈಪಾಸ್ ಆದವರಿಗೆ ಸಿಕ್ಕರೆ ಸಾಮಾನ್ಯವಾಗಿ ಎರಡನೆಯದು. ಉದಾಹರಣೆಗೆ, ಆರೋಗ್ಯವಂತರಿಗೆ ವರ್ಷಕ್ಕೆ 10,000 ರೂಪಾಯಿ ಕಂತು ಇರುವಲ್ಲಿ ಶೇ. 50ರಷ್ಟು ಹೆಚ್ಚುವರಿ ಹಾಕಿದರೆ 15,000, ಶೇ. 100 ಹಾಕಿದರೆ 20,000. ದುಬಾರಿಯೆನಿಸಿದರೆ ವಿಮೆಯ ಮೊತ್ತವನ್ನೋ ಅವಧಿಯನ್ನೋ ಕಡಿಮೆ ಮಾಡಿಸಿಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲವೆಂಬುದು ಸ್ವಲ್ಪ ಸಮಾಧಾನ.

ಒಂದು ಸಂಸ್ಥೆ ಬೇಡವೆಂದರೆ ಅಲ್ಲಿಗೇ ಕೈಚೆಲ್ಲಬೇಡಿ. ಪ್ರತಿ ಸಂಸ್ಥೆಯ ಅಳತೆಗೋಲು ಬೇರೆ. ಆದರೆ ಮುಂದಿನ ಅರ್ಜಿಯಲ್ಲಿ ‘ಈ ಹಿಂದೆ ನಿರಾಕರಿಸಲಾಗಿದೆಯೆ?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೂ ನಿಜವನ್ನೇ ಬರೆಯಬೇಕು.

ಮುಚ್ಚಿಟ್ಟರೆ ಏನಾಗುತ್ತದೆ?

ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ವಿಮಾ ಒಪ್ಪಂದ ನಿಂತಿರುವುದು ನಂಬಿಕೆಯ ಮೇಲೆ. 1938ರ ವಿಮಾ ಕಾಯಿದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿಯಾಗಿದೆ. ಅದರ ಪ್ರಕಾರ ಪಾಲಿಸಿ ಆರಂಭವಾಗಿ ಮೂರು ವರ್ಷ ತುಂಬಿದ ಮೇಲೆ ಸಂಸ್ಥೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಆ ಮೂರು ವರ್ಷಗಳೊಳಗೆ ಮಾತ್ರ, ಮುಖ್ಯ ವಿಷಯವನ್ನು ಮುಚ್ಚಿಟ್ಟಿದ್ದರೆ ಅಥವಾ ವಂಚಿಸಿದ್ದರೆ, ಪಾಲಿಸಿಯನ್ನು ರದ್ದುಮಾಡಬಹುದು.

‘ಹಾಗಾದರೆ ಮೂರು ವರ್ಷ ದಾಟಿದರೆ ಸಾಕಲ್ಲ’ ಎಂದು ಲೆಕ್ಕ ಹಾಕಬೇಡಿ. ಹೃದಯಕ್ಕೆ ಪೆಟ್ಟು ಬಿದ್ದವರಿಗೆ ಮೊದಲ ವರ್ಷಗಳೇ ಗಂಡಾಂತರದವು. ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ಸಂಸ್ಥೆ ತನಿಖೆ ಮಾಡಬಹುದು. ಆಸ್ಪತ್ರೆಯ ದಾಖಲೆ, ಔಷಧಿ ಚೀಟಿ, ಕಚೇರಿಯ ರಜಾ ಅರ್ಜಿ, ಆರೋಗ್ಯ ವಿಮೆಯ ಹಳೆಯ ಬಿಲ್ಲು, ಇವೆಲ್ಲ ಸಾಕ್ಷಿಗಳೇ. ಆಗ ಉತ್ತರ ಕೊಡಬೇಕಾದವರು ತಪ್ಪೇ ಮಾಡದ ಹೆಂಡತಿ, ಮಕ್ಕಳು. ಥೈರಾಯ್ಡ್ ಗಡ್ಡೆಯ ಶಸ್ತ್ರಚಿಕಿತ್ಸೆಯಾದದ್ದನ್ನು ಅರ್ಜಿಯಲ್ಲಿ ಹೇಳದಿದ್ದ ಒಂದು ಪ್ರಕರಣದಲ್ಲಿ ಹಣ ಕೊಡದ ವಿಮಾ ಸಂಸ್ಥೆಯ ಕ್ರಮ ಸರಿಯೆಂದು ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ನೀಡಿತು. ಥೈರಾಯ್ಡ್ ವಿಷಯಕ್ಕೇ ಹೀಗಾದರೆ, ಹೃದಯದ ವಿಷಯ ಮುಚ್ಚಿಟ್ಟರೆ ಹೇಗಾದೀತು?

ವಂಚನೆಯಲ್ಲದ ತಪ್ಪು ಮಾಹಿತಿಯ ಕಾರಣಕ್ಕೆ ಪಾಲಿಸಿ ರದ್ದಾದರೆ ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕೆಂದು ಅದೇ ಕಲಮು ಹೇಳುತ್ತದೆ. ಆದರೆ ಕಂತಿನ ಹಣ ಎಷ್ಟು, ವಿಮೆಯ ಮೊತ್ತ ಎಷ್ಟು, ನೀವೇ ಯೋಚಿಸಿ.

ಅರ್ಜಿ ತುಂಬುವಾಗ

ಖಾಲಿ ಅರ್ಜಿಗೆ ಸಹಿ ಹಾಕಿ ‘ಉಳಿದದ್ದು ನೀವೇ ತುಂಬಿಕೊಳ್ಳಿ’ ಎಂದು ಏಜೆಂಟರ ಕೈಗೆ ಕೊಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಏಜೆಂಟರು ನೆಂಟರೇ ಆಗಿರಲಿ, ಸಹಿ ನಿಮ್ಮದು, ಹೊಣೆಯೂ ನಿಮ್ಮದು. ಅರ್ಜಿ ನಿಮಗೆ ತಿಳಿಯದ ಭಾಷೆಯಲ್ಲಿದ್ದರೆ ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಸಿ ಉತ್ತರ ಕೊಡಿ. ವಿವರಿಸಿ ಹೇಳಿದವರು ಸಹಿ ಹಾಕಲು ಅರ್ಜಿಯಲ್ಲೇ ಜಾಗವಿರುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ ಪತ್ರ, ಆಂಜಿಯೋಗ್ರಾಂ ವರದಿ, ಇತ್ತೀಚಿನ ಎಕೊ, ಈಗ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ, ಇವುಗಳ ನಕಲನ್ನು ಅರ್ಜಿಯ ಜೊತೆಗೇ ಕೊಡಿ. ಚೆನ್ನಾಗಿ ಚಿಕಿತ್ಸೆ ಪಡೆಯುತ್ತಿದ್ದೀರೆಂಬುದಕ್ಕೆ ಈ ಕಾಗದಗಳೇ ಪುರಾವೆ. ಅವು ನಿಮ್ಮ ಪರವಾಗಿಯೇ ಮಾತಾಡುತ್ತವೆ. ಪಾಲಿಸಿ ಕೈಗೆ ಬಂದ ಮೇಲೆ ಅದರ ಜೊತೆಗಿರುವ ಅರ್ಜಿಯ ಪ್ರತಿಯನ್ನು ಓದಿ. ತಪ್ಪು ಕಂಡರೆ ಆಗಲೇ ಬರೆದು ತಿಳಿಸಿ. ಷರತ್ತು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಪಾಲಿಸಿಯನ್ನು ಹಿಂದಿರುಗಿಸಲು ಅವಕಾಶವಿದೆ.

ಹಳೆಯ ಪಾಲಿಸಿ ಚಿನ್ನಕ್ಕೆ ಸಮ

ಕಾಯಿಲೆ ಬರುವ ಮೊದಲೇ ಮಾಡಿಸಿದ ಪಾಲಿಸಿ ನಿಮ್ಮಲ್ಲಿದ್ದರೆ ಅದನ್ನು ಕಣ್ಣಿನಂತೆ ಕಾಪಾಡಿ. ನಂತರ ಬಂದ ಹೃದ್ರೋಗದ ಕಾರಣಕ್ಕೆ ಅದರ ಕಂತು ಏರಿಸುವಂತಿಲ್ಲ, ರದ್ದುಮಾಡುವಂತಿಲ್ಲ. ಆದರೆ ಆಸ್ಪತ್ರೆಯ ಓಡಾಟದಲ್ಲಿ ಕಂತು ಕಟ್ಟುವುದು ಮರೆತುಹೋಗುವುದು ಇದೇ ಸಮಯದಲ್ಲಿ! ಗಡುವಿನ ನಂತರ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ರಿಯಾಯಿತಿ ಅವಧಿ ಇದೆ. ಅದೂ ಮೀರಿ ಪಾಲಿಸಿ ನಿಂತುಹೋದರೆ ಮತ್ತೆ ಚಾಲನೆಗೆ ತರಲು ಆರೋಗ್ಯದ ಘೋಷಣೆ, ಕೆಲವೊಮ್ಮೆ ತಪಾಸಣೆಯೂ ಬೇಕಾಗುತ್ತದೆ. ಮೂರು ವರ್ಷಗಳ ಲೆಕ್ಕವೂ ಹೊಸದಾಗಿ ಶುರುವಾಗುತ್ತದೆ. ಬ್ಯಾಂಕಿನಿಂದಲೇ ಕಂತು ಹೋಗುವಂತೆ ಏರ್ಪಾಡು ಮಾಡಿಬಿಡಿ. ಆಪರೇಷನ್ ಖರ್ಚಿಗೆಂದು ಪಾಲಿಸಿ ಮುರಿಸುವ ಮೊದಲು, ಅದರ ಮೇಲೆ ಸಾಲ ಸಿಗುತ್ತದೆಯೇ ವಿಚಾರಿಸಿ.

ವಿಮೆ ಸಿಗಲೇ ಇಲ್ಲವೆ?

ಆಗಲೂ ದಾರಿಗಳಿವೆ. ಭವಿಷ್ಯ ನಿಧಿಗೆ ಸೇರಿದ ನೌಕರರಿಗೆ 1976ರಿಂದ ಇಡಿಎಲ್‌ಐ ಎಂಬ ವಿಮಾ ಯೋಜನೆ ಇದೆ. ನೌಕರರು ಕಂತು ಕಟ್ಟಬೇಕಿಲ್ಲ, ವೈದ್ಯಕೀಯ ತಪಾಸಣೆಯಿಲ್ಲ. ಸೇವೆಯಲ್ಲಿರುವಾಗ ಸಾವು ಸಂಭವಿಸಿದರೆ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಕುಟುಂಬಕ್ಕೆ ಸಿಗುತ್ತದೆ. ಬಹಳಷ್ಟು ಮನೆಗಳಲ್ಲಿ ಇದರ ಸುದ್ದಿಯೇ ಗೊತ್ತಿರುವುದಿಲ್ಲ. ನಾಮನಿರ್ದೇಶನ ಸರಿಯಿದೆಯೇ ಇಂದೇ ನೋಡಿಕೊಳ್ಳಿ. ಕಚೇರಿಯಲ್ಲಿ ಗುಂಪು ವಿಮೆ ಇದ್ದರೆ ಅದಕ್ಕೂ ಸೇರಿ. ಒಂದು ಮಿತಿಯವರೆಗೆ ತಪಾಸಣೆ ಕೇಳದ ಗುಂಪು ಯೋಜನೆಗಳಿವೆ. ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ಬಿಟ್ಟುಹೋಗುತ್ತದೆ ಎಂಬುದು ನೆನಪಿರಲಿ.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಗೆ 18ರಿಂದ 50 ವರ್ಷದ ಉಳಿತಾಯ ಖಾತೆದಾರರು ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಸೇರಬಹುದು. 2022ರ ಜೂನ್‌ನಿಂದ ಅದರ ಕಂತು ವರ್ಷಕ್ಕೆ 436 ರೂಪಾಯಿ. ಯಾವ ಕಾರಣದಿಂದ ಸಾವು ಬಂದರೂ 2 ಲಕ್ಷ. ವೈದ್ಯಕೀಯ ತಪಾಸಣೆ ಇಲ್ಲ. ಆದರೆ ಹೊಸದಾಗಿ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ ಹಣ ದೊರೆಯುತ್ತದೆ. ವರ್ಷ ವರ್ಷ ನವೀಕರಿಸುತ್ತ 55 ವರ್ಷದವರೆಗೆ ಮುಂದುವರಿಸಬಹುದು. ಮೊತ್ತ ದೊಡ್ಡದಲ್ಲ, ಆದರೆ ಅಂಗಡಿ ಬಾಡಿಗೆ, ಶಾಲೆ ಫೀಸಿನ ಮನೆಗೆ ಸಣ್ಣದೂ ಅಲ್ಲ. ಬರಿಯ ಅಪಘಾತ ವಿಮೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಹೃದಯಾಘಾತವನ್ನು ಅಪಘಾತವೆಂದು ಪರಿಗಣಿಸುವುದಿಲ್ಲ.

ಇನ್ನೊಂದು ಮಾತು: ಗಂಡನಿಗೆ ವಿಮೆ ಸಿಗದಿದ್ದರೆ ಹೆಂಡತಿಯ ಹೆಸರಿನಲ್ಲಿ ಮಾಡಿಸುವುದನ್ನು ಯೋಚಿಸಿ. ಆಕೆ ದುಡಿಯುವವರಾಗಿದ್ದು, ಮುಂದೆ ಸಂಸಾರದ ಭಾರ ಅವರ ಮೇಲೆಯೇ ಬೀಳುವಂತಿದ್ದರೆ, ಆ ಜೀವಕ್ಕೂ ಬೆಲೆಯಿದೆ.

ಹಣ ನಿರಾಕರಿಸಿದರೆ

ನಿರಾಕರಣೆಯ ಕಾರಣವನ್ನು ಸಂಸ್ಥೆ ಬರವಣಿಗೆಯಲ್ಲಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಅಲ್ಲಿ ಇತ್ಯರ್ಥಪಡಿಸುತ್ತಾರೆ.

ಕೊನೆಗೊಂದು ವೈದ್ಯಕೀಯ ಮಾತು

ವಿಮಾ ಸಂಸ್ಥೆಯನ್ನು ಮೆಚ್ಚಿಸುವ ಅಂಶಗಳೂ ನಿಮ್ಮ ಹೃದಯವನ್ನು ಉಳಿಸುವ ಅಂಶಗಳೂ ಒಂದೇ. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ, ಬಿಡದವರಿಗೆ ಹೋಲಿಸಿದರೆ, ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿಡಿ. ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಹೇಳಿದಷ್ಟು ನಡೆಯಿರಿ. ಪ್ರತಿ ತಪಾಸಣೆಯ ಕಾಗದವನ್ನೂ ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿಡಿ. ಇಂದು ‘ಮುಂದೂಡಲಾಗಿದೆ’ ಎಂಬ ಉತ್ತರ ಬಂದಿದ್ದರೂ, ಒಂದೆರಡು ವರ್ಷದ ನಂತರ ಅದೇ ಕಡತ ನಿಮಗೆ ಪಾಲಿಸಿ ತಂದುಕೊಡಬಹುದು.

ಪಾಲಿಸಿ ಎಲ್ಲಿದೆ, ಯಾರ ಹೆಸರು ನಾಮನಿರ್ದೇಶನವಾಗಿದೆ, ಮುಂದಿನ ಕಂತು ಯಾವಾಗ, ಇಷ್ಟನ್ನು ಈ ಭಾನುವಾರ ಮನೆಯವರೆಲ್ಲ ಕುಳಿತು ಒಮ್ಮೆ ನೋಡಿಬಿಡಿ. ಇಂಥ ಮಾತು ಅಪಶಕುನವೆಂದು ಹಿಂಜರಿಯಬೇಡಿ. ಮನೆಯವರಿಗೆ ತಿಳಿಯದೆ ಬೀರುವಿನಲ್ಲಿ ಮಡಿಸಿಟ್ಟ ಪಾಲಿಸಿಯಿಂದ ಯಾರಿಗೂ ಪ್ರಯೋಜನವಿಲ್ಲ.