ಆಹಾರದ ಕರಗುವ ನಾರೂ ಕರುಳಿನ ಸೂಕ್ಷ್ಮಜೀವಿಗಳೂ

ಹುಲ್ಲಿನ ನಾರನ್ನು ಜೀರ್ಣಿಸುವ ಶಕ್ತಿಯು ಹಸುವಿಗೆ ಸ್ವತಃ ಇಲ್ಲ. ಅದರ ಮೊದಲನೆಯ ಹೊಟ್ಟೆಯಲ್ಲಿ ನೆಲಸಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಭಾಗವು ಈ ಆಮ್ಲಗಳಿಂದಲೇ ಒದಗುವುದು. ಇದೇ ಬಗೆಯ ಕಾರ್ಯವು ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ನಡೆಯುತ್ತದೆ. ದನಗಳ ಮೇವಿನ ವಿಷಯದಲ್ಲಿ ನಾವು ವಹಿಸುವ ಎಚ್ಚರವು ನಮ್ಮ ಕರುಳಿನ ಜೀವಿಗಳ ವಿಷಯದಲ್ಲಿಯೂ ಏಕೆ ಅವಶ್ಯಕವೆಂಬುದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ನಾರಿನ ಬಗೆಗಳು

ಆಹಾರದ ನಾರು ಎರಡು ವಿಧ. ತೌಡು, ಬೂಸಾ ಮುಂತಾದವುಗಳಲ್ಲಿ ಹೆಚ್ಚಾಗಿರುವ ನಾರು ನೀರಿನಲ್ಲಿ ಕರಗುವುದಿಲ್ಲ. ಅದು ಮಲದ ಗಾತ್ರವನ್ನು ಹೆಚ್ಚಿಸಿ ಮಲಬದ್ಧತೆಯನ್ನು ನಿವಾರಿಸುವುದು. ಎರಡನೆಯದು ಕರಗುವ ನಾರು. ರಾತ್ರಿ ನೆನೆಹಾಕಿದ ಮೆಂತ್ಯದ ಕಾಳು ಬೆಳಗಾಗುವ ವೇಳೆಗೆ ಲೋಳೆಯಾಗುವುದನ್ನು ಎಲ್ಲರೂ ಕಂಡಿರುವರು. ಆ ಲೋಳೆಯು ಕರಗುವ ನಾರಿನ ಗುಣವೇ. ಅವರೆ, ಹುರುಳಿ, ಅಲಸಂದೆ ಮೊದಲಾದ ದ್ವಿದಳ ಧಾನ್ಯಗಳಲ್ಲಿಯೂ ಜವೆಗೋಧಿ, ಬೆಂಡೆಕಾಯಿ, ಸೀಬೆಹಣ್ಣುಗಳಲ್ಲಿಯೂ ಇದು ಉಂಟು.

ಜೀರ್ಣಕ್ರಿಯೆಯಲ್ಲಿ ಇದರ ಕಾರ್ಯ

ಲೋಳೆಯಾದ ನಾರು ಜಠರದಿಂದ ಆಹಾರವು ಕೆಳಗಿಳಿಯುವುದನ್ನು ನಿಧಾನಗೊಳಿಸುವುದು. ಸಣ್ಣ ಕರುಳಿನಲ್ಲಿ ಸಕ್ಕರೆಯು ಒಮ್ಮೆಲೇ ರಕ್ತಕ್ಕೆ ಸೇರದೆ ಮೆಲ್ಲಮೆಲ್ಲನೆ ಸೇರುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಮಧುಮೇಹಿಗಳಿಗೆ ಎಣ್ಣೆಯ ಅಂಶವನ್ನು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂನಂತೆ 10 ದಿವಸ ಆಹಾರದೊಡನೆ ಕೊಡಲು, ರಕ್ತದ ಸಕ್ಕರೆಯು ಇಳಿದುದು ಕಂಡುಬಂದಿತು. ಇದಲ್ಲದೆ ಕರಗುವ ನಾರು ಪಿತ್ತರಸದ ಅಂಶಗಳನ್ನು ಹಿಡಿದು ಮಲದೊಡನೆ ಹೊರಸಾಗಿಸುವುದು. ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಬಳಸಿಕೊಳ್ಳುವುದರಿಂದ ಅದರ ಪ್ರಮಾಣವೂ ತಗ್ಗುವುದು.

ಸೂಕ್ಷ್ಮಜೀವಿಗಳಿಗೆ ಮೇವು

ಜೀರ್ಣವಾಗದೆ ಉಳಿದ ನಾರು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಅಸೆಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಬ್ಯುಟಿರಿಕ್ ಆಮ್ಲವು ದೊಡ್ಡ ಕರುಳಿನ ಒಳಪೊರೆಯ ಕಣಗಳಿಗೆ ಮುಖ್ಯ ಆಹಾರ. ಆಮ್ಲಗುಣವು ಹೆಚ್ಚಿದಂತೆ ಹಾನಿಕರವಾದ ಹಲವು ಜೀವಿಗಳ ಬೆಳವಣಿಗೆಯೂ ಕುಗ್ಗುವುದು. ಆದರೆ ಎಲ್ಲ ಕರಗುವ ನಾರೂ ಹೀಗೆ ಹುದುಗುವುದಿಲ್ಲ. ಇಸಬಗೋಲು ಬಹುಮಟ್ಟಿಗೆ ಹಾಗೆಯೇ ಉಳಿದು, ನೀರನ್ನು ಹಿಡಿದಿಟ್ಟು ಮಲವನ್ನು ಮೆದುಗೊಳಿಸುವುದು.

2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ದಕ್ಷಿಣ ಆಫ್ರಿಕದ 20 ಮಂದಿ ಗ್ರಾಮವಾಸಿಗಳೂ ಅಮೆರಿಕದಲ್ಲಿರುವ ಆಫ್ರಿಕಮೂಲದ 20 ಮಂದಿಯೂ 2 ವಾರಗಳ ಕಾಲ ತಂತಮ್ಮ ಆಹಾರಕ್ರಮವನ್ನು ಅದಲುಬದಲು ಮಾಡಿಕೊಂಡರು. ನಾರು ಹೆಚ್ಚಿದ ಆಹಾರವನ್ನುಂಡ ಅಮೆರಿಕದವರಲ್ಲಿ ಬ್ಯುಟಿರಿಕ್ ಆಮ್ಲದ ಉತ್ಪತ್ತಿಯು ಏರಿತು. ನಾರು ತಗ್ಗಿ ಕೊಬ್ಬು ಹೆಚ್ಚಿದ ಆಹಾರವನ್ನುಂಡ ಗ್ರಾಮವಾಸಿಗಳಲ್ಲಿ ಇಳಿಯಿತು. ಹಳ್ಳಿಯಲ್ಲಿ ವಾಸಿಸುವುದರಿಂದಲೇ ಕರುಳಿನ ಆರೋಗ್ಯವು ಉಳಿಯದು, ಹಳ್ಳಿಯ ಊಟವೂ ಉಳಿಯಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅನುಸರಿಸತಕ್ಕ ಕ್ರಮ

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ರಾಗಿಯ ನಾರಿನಲ್ಲಿ ಕರಗದ ಭಾಗವೇ ಹೆಚ್ಚಾದುದರಿಂದ, ಮುದ್ದೆಯೊಡನೆ ಹುರುಳಿಯ ಅಥವಾ ಅವರೆಯ ಸಾರು ಸೇರುವುದು ಯುಕ್ತವಾದ ಜೋಡಿ.

ಒಣಮೇವಿಗೆ ಒಗ್ಗಿದ ಎತ್ತಿಗೆ ಒಮ್ಮೆಲೇ ಧಾನ್ಯವನ್ನು ಹೇರಳವಾಗಿ ತಿನ್ನಿಸಿದರೆ ಅಪಾಯವೆಂಬುದನ್ನು ರೈತರು ಬಲ್ಲರು. ಮನುಷ್ಯರೂ ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ವಾಯುವೂ ಹೊಟ್ಟೆಯುಬ್ಬರವೂ ಉಂಟಾಗುವುವು. ಆದುದರಿಂದ ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ, ನೀರನ್ನು ಸಾಕಷ್ಟು ಕುಡಿಯತಕ್ಕದ್ದು. ಇಸಬಗೋಲನ್ನು ಒಣಗಿರುವಂತೆಯೇ ನುಂಗಲಾಗದು. ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮೆಂತ್ಯವನ್ನು ಅಧಿಕವಾಗಿ ಬಳಸಬಾರದು, ಔಷಧವನ್ನು ಬಿಡಲೂಬಾರದು.

ರಾಗಿಯ ಹೊಲದಲ್ಲಿ ಅವರೆ, ಅಲಸಂದೆಗಳ ಅಕ್ಕಡಿ ಸಾಲನ್ನು ಬಿತ್ತುವುದು ನಮ್ಮ ಹಿರಿಯರ ಪದ್ಧತಿ. ಅದು ಭೂಮಿಗೆ ಸಾರಜನಕವನ್ನೂ ದನಗಳಿಗೆ ಮೇವನ್ನೂ ಒದಗಿಸುವುದಲ್ಲದೆ ಮನೆಯವರ ಕರುಳಿಗೂ ಹಿತಕರವಾದ ನಾರನ್ನು ಕೊಡುವುದು. ಗ್ರಾಮದ ಮುಖಂಡರೂ ಭೂಮಾಲೀಕರೂ ಮಾರಾಟದ ಬೆಳೆಯೊಂದನ್ನೇ ನೋಡದೆ, ಮುಂದಿನ ಬಿತ್ತನೆಯಲ್ಲಿ ಈ ಸಾಲುಗಳಿಗೆ ಎಡೆಯಿಟ್ಟು ಇತರರಿಗೂ ಮಾರ್ಗದರ್ಶಕರಾಗುವರೆಂದು ನಂಬಲಾಗಿದೆ.