ಎಚ್ಚರದ ಕೈ ಹಿಡಿದು ಕನಸಿನೊಳಗೆ

ಡೊಂಬಿವಲಿಯ ಮುಂಜಾನೆಯ ಫಾಸ್ಟ್ ಲೋಕಲ್‌ನಲ್ಲಿ ಕೂರಲು ಜಾಗ ಸಿಗುವುದೇ ಪುಣ್ಯ. ಸಿಕ್ಕವರ ಮುಖವನ್ನೊಮ್ಮೆ ನೋಡಿ. ಥಾಣೆ ಬರುವುದರೊಳಗೆ ಅರ್ಧ ಜನ ಕಣ್ಣು ಮುಚ್ಚಿರುತ್ತಾರೆ. ಸ್ಟೇಷನ್ನಿನ ಹೆಸರು ಕಿವಿಗೆ ಬೀಳುತ್ತಿರುತ್ತದೆ, ಅದೇ ಹೊತ್ತಿಗೆ ಕಣ್ಣೊಳಗೆ ಊರಿನ ಅಜ್ಜಿಮನೆಯೋ ಪರೀಕ್ಷೆಯ ಕೊಠಡಿಯೋ ಮೂಡಿರುತ್ತದೆ. ಪೂರ್ತಿ ಎಚ್ಚರವೂ ಅಲ್ಲ, ಪೂರ್ತಿ ನಿದ್ದೆಯೂ ಅಲ್ಲ.

ಈ ಹೊಸ್ತಿಲನ್ನು ಅರಿವು ತಪ್ಪದೆ ದಾಟಿ, 'ಇದು ಕನಸು' ಎಂದು ತಿಳಿದೇ ಕನಸು ಕಾಣಬಹುದೇ? ಕಾಣಬಹುದು ಎನ್ನುತ್ತದೆ ವಿಜ್ಞಾನ. ಇದಕ್ಕೆ 'ಲ್ಯೂಸಿಡ್ ಡ್ರೀಮ್' ಎಂಬ ಹೆಸರನ್ನು 1913ರಲ್ಲಿ ಬಳಕೆಗೆ ತಂದವರು ಡಚ್ ವೈದ್ಯ, ಲೇಖಕ ಫ್ರೆಡೆರಿಕ್ ವಾನ್ ಈಡನ್. ಕನಸಿನ ನಿದ್ದೆಯಲ್ಲಿ ಮೈಯೆಲ್ಲ ಮರಗಟ್ಟಿದರೂ ಕಣ್ಣುಗುಡ್ಡೆಗಳು ಚಲಿಸುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್, ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದನ್ನೇ ಬಳಸಿಕೊಂಡರು. ಮಲಗಿದ್ದವರು ಮೊದಲೇ ಒಪ್ಪಿಕೊಂಡಂತೆ ಕನಸಿನೊಳಗಿಂದ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ ಸನ್ನೆ ಕೊಟ್ಟರು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕನಸಿನಲ್ಲಿದ್ದವರಿಗೆ ಲೆಕ್ಕವನ್ನೇ ಕೇಳಲಾಯಿತು. ಎಂಟರಲ್ಲಿ ಆರು ಕಳೆದರೆ ಎಷ್ಟು? ಕಣ್ಣು ಎರಡು ಸಲ ಹೊರಳಿತು!

ಇದೆಲ್ಲ ಪರದೇಶದ ಮಾತು ಎನ್ನಬೇಡಿ. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ವಿಚಾರ ಮಾಡಿದೆ. ಹೊಳೆನರಸೀಪುರದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು ಈ ವಿಷಯವನ್ನು ಕನ್ನಡದಲ್ಲೇ ವಿವರಿಸಿ ಬರೆದರು. ನೀವು ರಜೆಯಲ್ಲಿ ಬೈಲಕುಪ್ಪೆಯ ಸ್ವರ್ಣಮಂದಿರ ನೋಡಿರಬಹುದು. ಟಿಬೆಟಿನ ಬೌದ್ಧರಲ್ಲಿ ಕನಸನ್ನು ಕನಸೆಂದು ಅರಿಯುವ ಸ್ವಪ್ನಯೋಗವೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನವರು ವಿಪಶ್ಯನ ಧ್ಯಾನಿಗಳ ನಿದ್ದೆಯನ್ನು ಅಳೆದು ನೋಡಿದ್ದಾರೆ. ನಡುವಯಸ್ಸಿನಲ್ಲಿ ಸಾಮಾನ್ಯವಾಗಿ ಕಡಿಮೆಯಾಗುವ ಗಾಢನಿದ್ದೆ ಈ ಧ್ಯಾನಿಗಳಲ್ಲಿ ಚೆನ್ನಾಗಿಯೇ ಉಳಿದಿತ್ತು. ಅದು ಲ್ಯೂಸಿಡ್ ಕನಸಿನ ಪರೀಕ್ಷೆಯಲ್ಲ, ನಿಜ. ಆದರೂ ಮನಸ್ಸನ್ನು ಸುಮ್ಮನೆ ನೋಡುವ ಅಭ್ಯಾಸಕ್ಕೂ ನಿದ್ದೆಗೂ ನಂಟಿದೆ ಎಂಬುದು ತಿಳಿಯುತ್ತದೆ.

ನವಿಮುಂಬಯಿಯಲ್ಲಿ ರಾತ್ರಿಪಾಳಿ ಮಾಡುವ ನನ್ನ ತಂಗಿಯ ಮಗಳು ಒಮ್ಮೆ ಅಳುತ್ತಾ ಫೋನ್ ಮಾಡಿದಳು. "ದೊಡ್ಡಮ್ಮ, ಯಾರೋ ಎದೆಯ ಮೇಲೆ ಕೂತ ಹಾಗಾಯಿತು. ಕೂಗೋಣ ಅಂದ್ರೆ ದನಿಯೇ ಹೊರಡಲಿಲ್ಲ!" ಮನೆಯ ಹಿರಿಯರು ದೃಷ್ಟಿ ತೆಗೆದರು. ತೆಗೆಯಲಿ, ಅದರಲ್ಲಿ ಪ್ರೀತಿಯಿದೆ. ಆದರೆ ಅದು ದೆವ್ವವಲ್ಲ. ಕನಸಿಗೆ ತಕ್ಕಂತೆ ನಾವು ಕೈಕಾಲು ಆಡಿಸದಿರಲೆಂದು ದೇಹವೇ ಹಾಕುವ ಬೀಗ ಅದು. ಬೀಗ ತೆರೆಯುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆ. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವವರಿಗೆ ಹೆಚ್ಚು. ಒಂದೆರಡು ನಿಮಿಷದಲ್ಲಿ ತಾನಾಗಿ ಬಿಡುತ್ತದೆ. ಎಚ್ಚರದಿಂದ ಕನಸಿಗೆ ಇಳಿಯಲು ಹೊರಟವರಿಗೂ ಈ ಅನುಭವ ಆಗಬಹುದು. ಗೊತ್ತಿದ್ದರೆ ಭಯ ಅರ್ಧ ಕಡಿಮೆ.

ಪ್ರಯತ್ನಿಸುವ ಆಸೆಯಿದ್ದರೆ ರಜೆಯ ದಿನ ಆರಿಸಿಕೊಳ್ಳಿ. ಕನಸಿನ ನಿದ್ದೆ ಬೆಳಗಿನ ಜಾವದಲ್ಲೇ ಹೆಚ್ಚು. ಐದು ಗಂಟೆ ನಿದ್ದೆಯಾದ ಮೇಲೆ ಎದ್ದು, ಸ್ವಲ್ಪ ಹೊತ್ತು ಕೂತು, ಮತ್ತೆ ಮಲಗಿ. 'ಒಂದು, ಇದು ಕನಸು. ಎರಡು, ಇದು ಕನಸು' ಎಂದು ಮನಸ್ಸಿನಲ್ಲೇ ಎಣಿಸುತ್ತಾ ಹೋಗಿ. ಬಣ್ಣ, ಗೆರೆ, ಮುಖಗಳು ತೇಲಿ ಬಂದರೆ ಬೆನ್ನಟ್ಟಬೇಡಿ, ಸುಮ್ಮನೆ ನೋಡಿ. ಕನಸೇ ಹೌದೋ ಎಂಬ ಅನುಮಾನ ಬಂದರೆ ಪ್ಲಾಟ್‌ಫಾರ್ಮಿನ ಇಂಡಿಕೇಟರನ್ನು ಎರಡು ಸಲ ಓದಿ. ಕನಸಿನಲ್ಲಿ ಅಕ್ಷರಗಳು ಹೆಚ್ಚಾಗಿ ಬದಲಾಗಿಬಿಡುತ್ತವೆ. (ನಮ್ಮ ಮಧ್ಯರೈಲ್ವೆಯಲ್ಲಿ ಎಚ್ಚರದಲ್ಲೂ ಬದಲಾಗುತ್ತವೆ, ಆ ಮಾತು ಬೇರೆ!)

ಮೊದಲ ದಿನವೇ ಆಗದಿದ್ದರೆ ಬೇಸರ ಬೇಡ, ಹಲವರಿಗೆ ವಾರಗಟ್ಟಲೆ ಬೇಕಾಗುತ್ತದೆ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ದಿನವೂ ಅಲಾರಂ ಇಟ್ಟು ನಿದ್ದೆ ಮುರಿದುಕೊಳ್ಳುವುದಂತೂ ಯಾರಿಗೂ ಬೇಡ.

ಕಲ್ಯಾಣದಿಂದ ಮುಂಬಯಿಗೆ ಹೋಗಿ ಬರುವುದರಲ್ಲೇ ನಿಮ್ಮ ದಿನದ ಎರಡು ಮೂರು ಗಂಟೆ ಕಳೆಯುತ್ತದೆ. ಮೊಬೈಲು ಇನ್ನೊಂದು ಗಂಟೆ ಕಿತ್ತುಕೊಳ್ಳುತ್ತದೆ. ಕನಸಿನ ಮನೆಗೆ ನಿದ್ದೆಯೇ ತಳಪಾಯ. ಮೊದಲು ಒಂದು ವಾರ ಹೊತ್ತಿಗೆ ಸರಿಯಾಗಿ ಮಲಗಿ ನೋಡಿ, ಮಕ್ಕಳೇ. ಎದ್ದಕೂಡಲೇ ಕಂಡ ಕನಸನ್ನು ನಾಲ್ಕು ಸಾಲು ಬರೆದಿಡಿ, ಕನ್ನಡದಲ್ಲಿಯೇ ಬರೆದರೆ ಇನ್ನೂ ಸಂತೋಷ.